ಕಂಪನಿಯಲ್ಲಿ ನಿಮ್ಮದು ಸಣ್ಣ ಪಾಲಾ? ಜಗಳ ಶುರುವಾದ ಮೇಲೆ ಮಧ್ಯಂತರ ಆದೇಶ ಪಡೆಯುವವರೆಗಿನ ದಾರಿ

ಮೂವರು ಸೇರಿ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ ಕಟ್ಟಿದ್ದೀರಿ ಅಂದುಕೊಳ್ಳಿ. ಒಟ್ಟು 10,000 ಷೇರು, ಅದರಲ್ಲಿ ನಿಮ್ಮದು 2,500. ಉಳಿದ ಇಬ್ಬರು ಅಣ್ಣ ತಮ್ಮಂದಿರು. ಎಂಟು ಹತ್ತು ವರ್ಷ ಎಲ್ಲ ಸರಿಯಾಗಿಯೇ ನಡೆಯಿತು. ಆಮೇಲೆ ಫೋನ್ ಎತ್ತುವುದು ಕಡಿಮೆಯಾಯಿತು, ಲೆಕ್ಕ ಕೇಳಿದರೆ "ನೋಡೋಣ" ಎಂಬ ಉತ್ತರ ಬರತೊಡಗಿತು. ಒಂದು ದಿನ ಸುಮ್ನೆ ಕಂಪನಿ ವ್ಯವಹಾರಗಳ ಸಚಿವಾಲಯದ ವೆಬ್‌ಸೈಟ್ ತೆರೆದು ನೋಡುತ್ತೀರಿ. ಹೊಸದಾಗಿ 18,000 ಷೇರು ಹಂಚಿದ್ದಾರೆ, ಎಲ್ಲವೂ ಅವರಿಬ್ಬರಿಗೇ. ಶೇ. 25 ಇದ್ದ ನಿಮ್ಮ ಪಾಲು ಶೇ. 9ಕ್ಕಿಂತ ಕೆಳಗೆ ಇಳಿದಿದೆ. ಆ ಬೋರ್ಡ್ ಸಭೆಗೆ ನಿಮಗೆ ನೋಟಿಸೇ ಬಂದಿರಲಿಲ್ಲ.

ಮುಂದೇನು? ಕೇಸು ಹಾಕುತ್ತೀರಿ, ಸರಿ. ಆದರೆ ಅಂತಿಮ ತೀರ್ಪು ಬರುವುದಕ್ಕೆ ವರ್ಷಗಳೇ ಹಿಡಿಯಬಹುದು. 2013ರ ಕಂಪನಿ ಕಾಯ್ದೆಯ 422ನೇ ಸೆಕ್ಷನ್ ಮೂರು ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಿ ಎನ್ನುತ್ತದೆ. ಅದನ್ನು ನಂಬಿ ಕೂರಬೇಡಿ. ಅಷ್ಟರಲ್ಲಿ ಜಾಗ ಮಾರಾಟವಾಗಿರುತ್ತದೆ, ಯಂತ್ರ ಇನ್ನೊಂದು ಕಂಪನಿಗೆ ಹೋಗಿರುತ್ತದೆ, ಗ್ರಾಹಕರೂ ಅಲ್ಲಿಗೇ ಹೋಗಿರುತ್ತಾರೆ. ನೀವು ಗೆದ್ದಾಗ ಕೈಗೆ ಸಿಗುವುದು ಖಾಲಿ ಚಿಪ್ಪು. ಹಾಗಾಗಿ ಇಂಥ ಜಗಳದಲ್ಲಿ ನಿಜವಾದ ಹೋರಾಟ ನಡೆಯುವುದು ಮೊದಲ ಕೆಲವು ವಾರಗಳಲ್ಲಿ, ಮಧ್ಯಂತರ ಆದೇಶಕ್ಕಾಗಿ, ಅಂದರೆ ತೀರ್ಪು ಬರುವವರೆಗಿನ ತಾತ್ಕಾಲಿಕ ಆದೇಶಕ್ಕಾಗಿ. ಈ ಬರಹದಲ್ಲಿ ಜಾಸ್ತಿ ಜಾಗ ಅದಕ್ಕೇ ಕೊಟ್ಟಿದ್ದೇನೆ.

ಇಲ್ಲಿ ಹೇಳುವುದು ಮುಖ್ಯವಾಗಿ ಪ್ರೈವೇಟ್ ಕಂಪನಿಗಳ ಬಗ್ಗೆ. ಷೇರುಪೇಟೆಯಲ್ಲಿ ನೋಂದಾದ ಕಂಪನಿಯಾದರೆ ಸೆಬಿಯ ನಿಯಮಗಳೂ ಸೇರಿಕೊಳ್ಳುತ್ತವೆ, ಅದು ಬೇರೆಯೇ ಕಥೆ.

ಮೊದಲು ಕೇಳಿಕೊಳ್ಳಿ: ಇದು ದಬ್ಬಾಳಿಕೆಯೇ, ಬರೀ ಬೇಸರವೇ?

ಕಂಪನಿ ನಡೆಯುವುದು ಬಹುಮತದ ಮೇಲೆ. 1843ರ ಇಂಗ್ಲೆಂಡಿನ ಫಾಸ್ ವರ್ಸಸ್ ಹಾರ್ಬಾಟಲ್ ಪ್ರಕರಣದಿಂದಲೂ ಇದೇ ಮೂಲ ನಿಯಮ. ನಿಮ್ಮ ಮಾತಿಗೆ ವಿರುದ್ಧವಾಗಿ ವೋಟು ಬಿದ್ದರೆ ಅದು ಅನ್ಯಾಯವಾಗುವುದಿಲ್ಲ. ಡಿವಿಡೆಂಡ್ ಕೊಡಲಿಲ್ಲ, ಹೊಸ ಘಟಕ ತೆರೆಯುವ ನಿರ್ಧಾರ ತಪ್ಪಾಯಿತು, ಸಂಬಳ ಏರಿಸಲಿಲ್ಲ ಎಂಬ ದೂರುಗಳನ್ನಷ್ಟೇ ಹಿಡಿದು ಹೋದರೆ ಕಂಪನಿ ಜಗಳಗಳನ್ನು ವಿಚಾರಿಸುವ ಟ್ರಿಬ್ಯುನಲ್ (ಎನ್‌ಸಿಎಲ್‌ಟಿ) ಬಾಗಿಲಲ್ಲೇ ವಾಪಸ್ ಕಳಿಸುತ್ತದೆ.

ಈ ಬಹುಮತದ ನಿಯಮಕ್ಕೆ ಕಾಯ್ದೆಯೇ ಇಟ್ಟಿರುವ ತಡೆ 241ನೇ ಸೆಕ್ಷನ್. ಕಂಪನಿಯ ವ್ಯವಹಾರ ಒಬ್ಬ ಸದಸ್ಯನಿಗೆ ದಬ್ಬಾಳಿಕೆಯಾಗುವಂತೆ, ಅಥವಾ ಅವನಿಗೋ ಕಂಪನಿಗೋ ಧಕ್ಕೆಯಾಗುವಂತೆ ನಡೆದಿದ್ದರೆ ಇಲ್ಲವೇ ನಡೆಯುತ್ತಿದ್ದರೆ ದೂರು ಕೊಡಬಹುದು. ದಬ್ಬಾಳಿಕೆ ಎಂದರೆ ಏನು ಎಂಬುದಕ್ಕೆ ವಕೀಲರು ಇವತ್ತಿಗೂ ಹಿಡಿಯುವುದು 1965ರ ಶಾಂತಿ ಪ್ರಸಾದ್ ಜೈನ್ ವರ್ಸಸ್ ಕಳಿಂಗ ಟ್ಯೂಬ್ಸ್ ತೀರ್ಪನ್ನು. ನಡೆ ಕಠಿಣವಾಗಿರಬೇಕು, ಹೊರೆಯಾಗಿರಬೇಕು, ತಪ್ಪೂ ಆಗಿರಬೇಕು. ಒಂದೇ ಒಂದು ಘಟನೆ ಸಾಮಾನ್ಯವಾಗಿ ಸಾಲದು, ಒಂದರ ಹಿಂದೊಂದು ಬಂದ ಸರಪಳಿ ಕಾಣಬೇಕು. ನಂಬಿಕೆ ಹೋಯಿತು ಎಂದರೆ ಮುಗಿಯಲಿಲ್ಲ, ಆ ನಂಬಿಕೆ ಅವರ ದಬ್ಬಾಳಿಕೆಯಿಂದಲೇ ಹೋಗಿರಬೇಕು.

ಡೈರೆಕ್ಟರ್ ಹುದ್ದೆಯಿಂದ ತೆಗೆದರು ಎಂಬ ದೂರು ತುಂಬ ಬರುತ್ತದೆ. ಅದೊಂದೇ ಇದ್ದರೆ ಪ್ರಕರಣ ದುರ್ಬಲ. ಅಧ್ಯಕ್ಷ ಸೈರಸ್ ಮಿಸ್ತ್ರಿಯನ್ನು ತೆಗೆದ ಟಾಟಾ ಸನ್ಸ್ ಜಗಳದಲ್ಲಿ ಸುಪ್ರೀಂ ಕೋರ್ಟ್ 2021ರ ಮಾರ್ಚ್ 26ರಂದು ಕೊಟ್ಟ ತೀರ್ಪು ಇದನ್ನು ಗಟ್ಟಿಯಾಗಿ ಹೇಳಿತು: ಹುದ್ದೆಯಿಂದ ತೆಗೆದದ್ದೇ ದಬ್ಬಾಳಿಕೆ ಎನ್ನಲಾಗದು. ಆದರೆ ಹೆಸರಿಗೆ ಕಂಪನಿ, ನಡೆಯುವುದು ಮಾತ್ರ ಪಾಲುದಾರಿಕೆಯ ಹಾಗೆ ಇದ್ದರೆ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಎಲ್ಲರೂ ಕೂಡಿ ದುಡಿಯೋಣ, ಎಲ್ಲರೂ ಆಡಳಿತದಲ್ಲಿ ಇರೋಣ ಎಂಬ ಒಪ್ಪಂದದ ಮೇಲೆ ಶುರುವಾದ ಕಂಪನಿ ಅದು. ಆ ತಿಳುವಳಿಕೆ ಇತ್ತೆಂದು ತೋರಿಸುವ ಹಳೆಯ ಪತ್ರ, ಮೇಲ್, ವಾಟ್ಸಾಪ್ ಮಾತುಕತೆ ನಿಮ್ಮ ಬಳಿ ಇದ್ದರೆ ಚಿನ್ನದ ಹಾಗೆ ಕಾಪಾಡಿ.

ಷೇರು ಹಂಚಿಕೆಯ ವಿಷಯ ಇದಕ್ಕಿಂತ ಗಟ್ಟಿ. ಡೇಲ್ ಅಂಡ್ ಕ್ಯಾರಿಂಗ್ಟನ್ ಪ್ರಕರಣದಲ್ಲಿ ಮ್ಯಾನೇಜಿಂಗ್ ಡೈರೆಕ್ಟರ್ ತನ್ನ ಹೆಸರಿಗೇ ಷೇರು ಹಂಚಿಕೊಂಡು ಬಹುಮತ ಗಿಟ್ಟಿಸಿಕೊಂಡಿದ್ದರು. 2004ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಡೈರೆಕ್ಟರ್ ಕೈಯಲ್ಲಿರುವ ಅಧಿಕಾರ ಕಂಪನಿಯ ಹಿತಕ್ಕೆ ಇರುವುದು, ತನ್ನ ಹಿಡಿತ ಬಿಗಿ ಮಾಡಿಕೊಳ್ಳುವುದಕ್ಕೆ ಅಲ್ಲ. ಹಾಗಂತ ಪ್ರತಿ ಹಂಚಿಕೆಯೂ ತಪ್ಪಲ್ಲ. ಕಂಪನಿಗೆ ನಿಜಕ್ಕೂ ದುಡ್ಡು ಬೇಕಿತ್ತು, ನಿಮಗೂ ಸರಿಯಾಗಿ ಕೊಡುಗೆ ಬಂದಿತ್ತು, ನೀವೇ ಹಾಕಲಿಲ್ಲ ಎಂದಾದರೆ ದೂರಿಗೆ ಜೀವವಿಲ್ಲ.

ಅರ್ಜಿ ಹಾಕಲು ನಿಮಗೆ ಹಕ್ಕಿದೆಯೇ?

ಶೇ. 10 ಇಲ್ಲದಿದ್ದರೆ ಆಗುವುದಿಲ್ಲ ಎಂದು ಎಷ್ಟೋ ಜನ ಕೈಚೆಲ್ಲಿ ಕೂರುತ್ತಾರೆ. 244ನೇ ಸೆಕ್ಷನ್ ಅನ್ನು ಪೂರ್ತಿ ಓದಿದರೆ ಬೇರೆ ಬಾಗಿಲೂ ಕಾಣುತ್ತದೆ. ಷೇರು ಬಂಡವಾಳ ಇರುವ ಕಂಪನಿಯಲ್ಲಿ ಎರಡು ಅಳತೆ ಇವೆ. ಹೊರಡಿಸಿದ ಷೇರು ಬಂಡವಾಳದ ಹತ್ತನೇ ಒಂದು ಭಾಗ ಒಂದು. ಸದಸ್ಯರ ತಲೆ ಎಣಿಕೆ ಇನ್ನೊಂದು: 100 ಸದಸ್ಯರು ಅಥವಾ ಒಟ್ಟು ಸದಸ್ಯರ ಹತ್ತನೇ ಒಂದು ಭಾಗ, ಎರಡರಲ್ಲಿ ಯಾವುದು ಕಡಿಮೆಯೋ ಅದು. ಎರಡು ಅಳತೆಯಲ್ಲಿ ಒಂದನ್ನು ಮುಟ್ಟಿದರೆ ಸಾಕು.

ಈಗ ನಮ್ಮ ಮೂವರ ಕಂಪನಿಗೆ ಬನ್ನಿ. ಪಾಲು ಶೇ. 9ಕ್ಕೆ ಇಳಿದರೂ ತಲೆ ಎಣಿಕೆಯಲ್ಲಿ ನೀವು ಮೂವರಲ್ಲಿ ಒಬ್ಬರು. ಹಕ್ಕು ಇದೆ! ಹತ್ತು ಸದಸ್ಯರವರೆಗಿನ ಯಾವ ಕಂಪನಿಯಲ್ಲೂ ಒಬ್ಬನೇ ಸದಸ್ಯ ಅರ್ಜಿ ಹಾಕಬಹುದು, ಅವನದು ಒಂದೇ ಷೇರಾದರೂ ಸರಿ. ಎದುರಿನವರು ಇದ್ದಕ್ಕಿದ್ದಂತೆ ಹೆಂಡತಿ, ಮಕ್ಕಳು, ಭಾವಮೈದುನರಿಗೆ ಒಂದೊಂದು ಷೇರು ವರ್ಗಾಯಿಸಿ ಸದಸ್ಯರ ಸಂಖ್ಯೆ ಏರಿಸುತ್ತಿದ್ದರೆ ಅದರ ಹಿಂದೆ ಈ ಲೆಕ್ಕ ಇರಬಹುದು. ಎಚ್ಚರವಾಗಿರಿ.

ಬಂಡವಾಳದ ಅಳತೆಯಲ್ಲಿ ಒಂದು ಗುಂಡಿ ಇದೆ. ಕಾಯ್ದೆ ಹೇಳುವುದು ಹೊರಡಿಸಿದ ಒಟ್ಟು ಷೇರು ಬಂಡವಾಳ, ಅಂದರೆ ಪ್ರಿಫರೆನ್ಸ್ ಷೇರುಗಳೂ (ಡಿವಿಡೆಂಡಿನಲ್ಲಿ ಮೊದಲ ಹಕ್ಕಿರುವ ಷೇರುಗಳು) ಸೇರಿ. ಟಾಟಾ ಸನ್ಸ್‌ನಲ್ಲಿ ಶೇ. 18ಕ್ಕೂ ಜಾಸ್ತಿ ಈಕ್ವಿಟಿ (ಸಾಮಾನ್ಯ ಷೇರು) ಇದ್ದ ಮಿಸ್ತ್ರಿ ಕುಟುಂಬದವರೇ ಈ ಲೆಕ್ಕದಲ್ಲಿ ಶೇ. 10 ಮುಟ್ಟಲಿಲ್ಲ. ಆಗ ಅವರು ಹಿಡಿದದ್ದು ವಿನಾಯಿತಿಯ ದಾರಿ. 244ರ ಅಡಿಯಲ್ಲೇ ಈ ಅಳತೆಗಳನ್ನು ಬಿಟ್ಟುಕೊಡುವ ಅಧಿಕಾರ ಟ್ರಿಬ್ಯುನಲ್‌ಗೆ ಇದೆ. 2017ರ ಸೆಪ್ಟೆಂಬರ್‌ನಲ್ಲಿ ಮೇಲ್ಮನವಿ ಟ್ರಿಬ್ಯುನಲ್ ಅವರಿಗೆ ವಿನಾಯಿತಿ ಕೊಟ್ಟಿತು. ನಿಮ್ಮ ಲೆಕ್ಕದಲ್ಲಿ ಕೂದಲೆಳೆಯಷ್ಟು ಅನುಮಾನವಿದ್ದರೂ ಮುಖ್ಯ ಅರ್ಜಿಯ ಜೊತೆ ವಿನಾಯಿತಿ ಅರ್ಜಿಯನ್ನೂ ಇಟ್ಟುಬಿಡಿ.

ಬೇರೆ ಸದಸ್ಯರನ್ನು ಸೇರಿಸಿಕೊಂಡು ಹೋಗುವುದಾದರೆ ಅವರ ಲಿಖಿತ ಒಪ್ಪಿಗೆ ಬೇಕು. ಖಾಲಿ ಹಾಳೆಗೆ ಸಹಿ ಹಾಕಿಸಿಕೊಳ್ಳುವ ಚಾಳಿ ಬಿಡಿ. ಯಾವ ದೂರು, ಯಾವ ಪರಿಹಾರ ಎಂದು ತಿಳಿದೇ ಒಪ್ಪಿದರು ಎಂದು ಆ ಪತ್ರದಲ್ಲೇ ಕಾಣಬೇಕು. ಆಮೇಲೆ ಯಾರಾದರೂ ಒತ್ತಡಕ್ಕೆ ಬಿದ್ದು ಒಪ್ಪಿಗೆ ವಾಪಸ್ ಪಡೆದರೆ? ಹೆದರಬೇಡಿ. ಅರ್ಜಿ ಹಾಕಿದ ದಿನ ಹಕ್ಕಿತ್ತೇ ಎಂಬುದೇ ಮುಖ್ಯ ಎಂದು ಸುಪ್ರೀಂ ಕೋರ್ಟ್ 1956ರಲ್ಲೇ ರಾಜಮಂಡ್ರಿ ಎಲೆಕ್ಟ್ರಿಕ್ ಸಪ್ಲೈ ಪ್ರಕರಣದಲ್ಲಿ ಹೇಳಿದೆ.

ತಂದೆಯ ಷೇರು ತನಗೆ ಬರಬೇಕು ಎನ್ನುವ ಮಕ್ಕಳ ಸ್ಥಿತಿ ಮಾತ್ರ ನಾಜೂಕು. ವಾರಸುದಾರಿಕೆಯೇ ತಗಾದೆಯಲ್ಲಿದ್ದು ಸಿವಿಲ್ ಕೋರ್ಟಿನಲ್ಲಿ ದಾವೆ ನಡೆಯುತ್ತಿದ್ದರೆ, ಮೊದಲು ಅಲ್ಲಿ ಇತ್ಯರ್ಥ ಮಾಡಿಕೊಂಡು ಬನ್ನಿ ಎನ್ನುವುದು 2020ರ ಅರುಣಾ ಓಸ್ವಾಲ್ ತೀರ್ಪಿನ ಸಾರ.

ಮೊದಲ ಹದಿನೈದು ದಿನ: ಬಾಯಿ ಕಡಿಮೆ, ಕಾಗದ ಜಾಸ್ತಿ

ಸಿಟ್ಟು ನೆತ್ತಿಗೇರಿದಾಗ ಮಾಡುವ ಮೊದಲ ತಪ್ಪು ಬ್ಯಾಂಕಿಗೆ, ಗ್ರಾಹಕರಿಗೆ, ಸರಕು ಕೊಡುವವರಿಗೆ ಪತ್ರ ಬರೆಯುವುದು. ಡೈರೆಕ್ಟರುಗಳ ನಡುವೆ ಜಗಳ ಎಂದು ತಿಳಿದರೆ ಬ್ಯಾಂಕು ಖಾತೆಯನ್ನೇ ನಿಲ್ಲಿಸಬಹುದು. ನೌಕರರ ಸಂಬಳ ನಿಂತಿತು ಎಂದಾದರೆ ನಾಳೆ ಟ್ರಿಬ್ಯುನಲ್ ಮುಂದೆ ಕಂಪನಿ ಹಾಳು ಮಾಡಿದವರು ನೀವೇ ಆಗಿ ನಿಲ್ಲುತ್ತೀರಿ. ರಾತ್ರಿ ಹೋಗಿ ಸರ್ವರ್‌ನಿಂದ ಕಡತ ನಕಲು ಮಾಡಿಕೊಂಡು ಬರುವುದೂ ಅಷ್ಟೇ ಕೆಟ್ಟ ಯೋಚನೆ.

ಬದಲಿಗೆ ಸಚಿವಾಲಯದ ವೆಬ್‌ಸೈಟಿನಿಂದ ಶುರು ಮಾಡಿ. ಶುಲ್ಕ ಕಟ್ಟಿ ಕಂಪನಿಯ ಸಾರ್ವಜನಿಕ ದಾಖಲೆಗಳನ್ನು ಇಳಿಸಿಕೊಳ್ಳಿ. ಷೇರು ಹಂಚಿಕೆಗೆ ಪಿಎಎಸ್-3, ಡೈರೆಕ್ಟರ್ ಬದಲಾವಣೆಗೆ ಡಿಐಆರ್-12, ವಾರ್ಷಿಕ ವಿವರಕ್ಕೆ ಎಂಜಿಟಿ-7, ಲೆಕ್ಕಪತ್ರಕ್ಕೆ ಎಒಸಿ-4, ಆಸ್ತಿ ಅಡವಿಗೆ ಸಿಎಚ್‌ಜಿ-1. ಪ್ರತಿಯೊಂದರ ಜೊತೆ ಲಗತ್ತಿಸಿದ ಕಾಗದಗಳನ್ನೂ ಓದಿ. ಬೋರ್ಡ್ ನಿರ್ಣಯದ ತಾರೀಖು, ಅರ್ಜಿ ನಮೂನೆ ಸಲ್ಲಿಸಿದ ತಾರೀಖು, ಹಣ ಬ್ಯಾಂಕಿಗೆ ಬಂದ ತಾರೀಖು ಒಂದಕ್ಕೊಂದು ತಾಳೆಯಾಗುತ್ತವೆಯೇ ನೋಡಿ. ಹಿಂದಿನ ತಾರೀಖು ಹಾಕಿ ಸೃಷ್ಟಿಸಿದ ಸಭೆಗಳು ಸಿಕ್ಕಿಬೀಳುವುದು ಇಲ್ಲೇ.

ಆಮೇಲೆ ಲಿಖಿತವಾಗಿ ಕೇಳಿ. ಸದಸ್ಯರ ಸಾಮಾನ್ಯ ಸಭೆಗಳ ನಡಾವಳಿ ನೋಡುವ ಹಕ್ಕು 119ನೇ ಸೆಕ್ಷನ್ ಕೊಡುತ್ತದೆ. ನಕಲು ಕೇಳಿದರೆ ಏಳು ಕೆಲಸದ ದಿನಗಳಲ್ಲಿ ಕೊಡಬೇಕು. ಸದಸ್ಯರ ರಿಜಿಸ್ಟರ್, ವಾರ್ಷಿಕ ವಿವರಗಳನ್ನು 94ರ ಅಡಿ ನೋಡಬಹುದು. ಬೋರ್ಡ್ ಸಭೆಯ ನಡಾವಳಿ ಮಾತ್ರ ಬರೀ ಷೇರುದಾರನಿಗೆ ಸಿಗುವುದಿಲ್ಲ. ನೀವು ಡೈರೆಕ್ಟರೂ ಆಗಿದ್ದರೆ 128ನೇ ಸೆಕ್ಷನ್ ಹಿಡಿದು ಲೆಕ್ಕಪುಸ್ತಕ ನೋಡಲು ಕೇಳಿ. ಅವರು ಕೊಡದಿದ್ದರೂ ನಷ್ಟವಿಲ್ಲ. ಕೊಡಲಿಲ್ಲ ಎಂಬುದೇ ನಾಳೆ ನಿಮ್ಮ ಸಾಕ್ಷಿ.

ಡೈರೆಕ್ಟರಾಗಿದ್ದವರಿಗೆ ಇನ್ನೊಂದು ಮಾತು. ಬೇಸರದಿಂದ ಸಭೆಗೆ ಹೋಗುವುದು ಬಿಡಬೇಡಿ. 12 ತಿಂಗಳಲ್ಲಿ ನಡೆದ ಎಲ್ಲ ಬೋರ್ಡ್ ಸಭೆಗೂ ಗೈರಾದರೆ, ರಜೆ ಕೇಳಿದ್ದರೂ ಸರಿ ಕೇಳದಿದ್ದರೂ ಸರಿ, 167ನೇ ಸೆಕ್ಷನ್ ಪ್ರಕಾರ ಹುದ್ದೆ ತಾನಾಗಿಯೇ ಹೋಗುತ್ತದೆ. ನೋಟಿಸ್ ಕಳಿಸಿದ್ದೆವು, ಇವರು ಬರಲಿಲ್ಲ ಎಂದು ಕಾಗದ ಹುಟ್ಟಿಸುವುದು ಹಳೆಯ ಆಟ. ಮೇಲ್‌ನ ಸ್ಪ್ಯಾಮ್ ಪೆಟ್ಟಿಗೆಯನ್ನೂ ನೋಡುತ್ತಿರಿ. ಬಂದ ಪ್ರತಿ ನೋಟಿಸಿಗೂ ಉತ್ತರ ಬರೆಯಿರಿ, ಎರಡೇ ಸಾಲಾದರೂ ಆದೀತು.

ಹಂಚಿಕೆ ಇನ್ನೂ ಆಗಿಲ್ಲ, ರೈಟ್ಸ್ ಕೊಡುಗೆಯ (ಈಗಿರುವ ಷೇರುದಾರರಿಗೆ ಅವರವರ ಪಾಲಿನಷ್ಟು ಹೊಸ ಷೇರು ಕೊಳ್ಳಲು ಕೊಡುವ ಅವಕಾಶ) ಪತ್ರ ಮಾತ್ರ ಬಂದಿದೆ ಎಂದಾದರೆ ಗಡಿಯಾರ ನೋಡಿ. ಒಪ್ಪಿಗೆಗೆ ಕೊಡುವ ಗಡುವು ಹೆಚ್ಚೆಂದರೆ 30 ದಿನ, ಕಡಿಮೆ ಎಂದರೆ ಏಳೇ ದಿನ ಇರಬಹುದು. ದುಡ್ಡು ಹೊಂದಿಸಲು ಆಗುತ್ತದೆಯೇ? ಹಾಗಿದ್ದರೆ "ತಕರಾರು ಕಾಯ್ದಿರಿಸಿಕೊಂಡು ಕಟ್ಟುತ್ತಿದ್ದೇನೆ" ಎಂದು ಬರೆದು ಕಟ್ಟುವುದು ಎಷ್ಟೋ ಸಲ ಕೇಸು ಗೆಲ್ಲುವುದಕ್ಕಿಂತ ಅಗ್ಗ.

ಎಲ್ಲ ಸೇರಿದ ಮೇಲೆ ಒಂದು ತಾರೀಖುಪಟ್ಟಿ ಮಾಡಿ. ತಾರೀಖು, ಏನಾಯಿತು, ಅದನ್ನು ತೋರಿಸುವ ಕಾಗದ ಯಾವುದು, ನಿಮಗೆ ಯಾವಾಗ ತಿಳಿಯಿತು. ಕೊನೆಯ ಕಾಲಂ ಅನ್ನು ಜನ ಮರೆಯುತ್ತಾರೆ. ಎದುರಿನ ವಕೀಲರು ಮೊದಲು ಕೇಳುವುದು ಅದನ್ನೇ. ಪಿಎಎಸ್-3 ಎರಡು ವರ್ಷದಿಂದ ಎಲ್ಲರ ಕಣ್ಣಮುಂದೆ ಇತ್ತಲ್ಲ, ಈಗೇಕೆ ಎಚ್ಚರವಾಯಿತು ಎಂದು. ಕಾಲಮಿತಿಯ ಕಾಯ್ದೆ ಟ್ರಿಬ್ಯುನಲ್‌ಗೂ ಅನ್ವಯಿಸುತ್ತದೆ. ಅದಕ್ಕಿಂತ ಮುಖ್ಯವಾಗಿ, ತಡವಾಗಿ ಬಂದವನಿಗೆ ತುರ್ತು ಆದೇಶ ಕೊಡಲು ಯಾರಿಗೂ ಮನಸ್ಸಾಗುವುದಿಲ್ಲ.

ಯಾವ ಬಾಗಿಲು ತಟ್ಟಬೇಕು?

ಸಾಮಾನ್ಯವಾಗಿ ಒಂದೇ: ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ, ಅಂದರೆ ಎನ್‌ಸಿಎಲ್‌ಟಿ. 2016ರ ಜೂನ್ 1ರಿಂದ ಹಳೆಯ ಕಂಪನಿ ಲಾ ಬೋರ್ಡಿನ ಜಾಗದಲ್ಲಿ ಕೆಲಸ ಮಾಡುತ್ತಿದೆ. ಕಂಪನಿಯ ನೋಂದಾಯಿತ ಕಚೇರಿ ಕರ್ನಾಟಕದಲ್ಲಿದ್ದರೆ ಬೆಂಗಳೂರು ಪೀಠ. ಟ್ರಿಬ್ಯುನಲ್‌ಗೆ ಅಧಿಕಾರವಿರುವ ವಿಷಯದಲ್ಲಿ ಸಿವಿಲ್ ಕೋರ್ಟ್ ದಾವೆ ತೆಗೆದುಕೊಳ್ಳುವಂತಿಲ್ಲ, ತಡೆಯಾಜ್ಞೆಯನ್ನೂ ಕೊಡುವಂತಿಲ್ಲ ಎಂದು 430ನೇ ಸೆಕ್ಷನ್ ಹೇಳುತ್ತದೆ. ಗೊತ್ತಿದ್ದ ವಕೀಲರು ಇದ್ದಾರೆ ಎಂದು ಊರಿನ ಸಿವಿಲ್ ಕೋರ್ಟಿಗೆ ಹೋಗಿ ಆರು ತಿಂಗಳು ಕಳೆದುಕೊಂಡವರು ಕಡಿಮೆಯೇನಿಲ್ಲ.

ಷೇರುದಾರರ ಒಪ್ಪಂದದಲ್ಲಿ ಮಧ್ಯಸ್ಥಿಕೆಯ (ಆರ್ಬಿಟ್ರೇಷನ್) ಕಲಮು ಇದೆಯೇ ನೋಡಿ. ನಿಜವಾದ ದಬ್ಬಾಳಿಕೆಯ ದೂರು ಮಧ್ಯಸ್ಥಿಕೆಗೆ ಹೋಗುವುದಿಲ್ಲ ಎಂದು ಬಾಂಬೆ ಹೈಕೋರ್ಟ್ 2014ರಲ್ಲಿ ರಾಕೇಶ್ ಮಲ್ಹೋತ್ರಾ ಪ್ರಕರಣದಲ್ಲಿ ಹೇಳಿತು. ಆದರೆ ಬರೀ ಒಪ್ಪಂದ ಮುರಿದ ತಗಾದೆಗೆ ದಬ್ಬಾಳಿಕೆಯ ಬಟ್ಟೆ ತೊಡಿಸಿ ತಂದರೆ ಅದು ನಡೆಯದು ಎಂದೂ ಹೇಳಿತು. ನಿಮ್ಮ ದೂರಿನಿಂದ ಒಪ್ಪಂದವನ್ನು ತೆಗೆದಿಟ್ಟರೂ ಏನಾದರೂ ಉಳಿಯುತ್ತದೆಯೇ? ಉಳಿದರೆ ಟ್ರಿಬ್ಯುನಲ್. ಇಲ್ಲದಿದ್ದರೆ ಮಧ್ಯಸ್ಥಿಕೆ, ಅದರ ಜೊತೆ 1996ರ ಮಧ್ಯಸ್ಥಿಕೆ ಕಾಯ್ದೆಯ 9ನೇ ಸೆಕ್ಷನ್ ಅಡಿ ಕೋರ್ಟಿನಿಂದ ಮಧ್ಯಂತರ ರಕ್ಷಣೆ.

ಅರ್ಜಿ ಬರೆಯುವುದು

ಅರ್ಜಿ ಎನ್‌ಸಿಎಲ್‌ಟಿ-1 ನಮೂನೆಯಲ್ಲಿ, ಅದನ್ನು ಬೆಂಬಲಿಸುವ ಅಫಿಡವಿಟ್ ಎನ್‌ಸಿಎಲ್‌ಟಿ-6ರಲ್ಲಿ. ಇಂಗ್ಲಿಷಿನಲ್ಲಿ ಇರಬೇಕು. ಕನ್ನಡದ ಪತ್ರ, ಕರಾರು ಇದ್ದರೆ ಅನುವಾದ ಸೇರಿಸಬೇಕು, ಇದಕ್ಕೇ ಎರಡು ಮೂರು ದಿನ ಹೋಗುತ್ತದೆ, ಮೊದಲೇ ಕೊಟ್ಟಿಡಿ. ವಾಟ್ಸಾಪ್, ಮೇಲ್ ಮುದ್ರಿಸಿ ಲಗತ್ತಿಸುವಾಗ ವಿದ್ಯುನ್ಮಾನ ಸಾಕ್ಷ್ಯದ ಪ್ರಮಾಣಪತ್ರವೂ ಬೇಕು. 2024ರ ಜುಲೈ 1ರಿಂದ ಇದು ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ.

ವಕೀಲರಷ್ಟೇ ವಾದಿಸಬೇಕೆಂದಿಲ್ಲ. ಚಾರ್ಟರ್ಡ್ ಅಕೌಂಟೆಂಟ್, ಕಂಪನಿ ಸೆಕ್ರೆಟರಿ, ಕಾಸ್ಟ್ ಅಕೌಂಟೆಂಟ್ ಕೂಡ ಹಾಜರಾಗಬಹುದು, ನೀವೇ ನಿಂತು ಹೇಳಿಕೊಳ್ಳಲೂಬಹುದು. ಆದರೂ ನನ್ನ ಸಲಹೆ: ಕಂಪನಿ ವಿಷಯದಲ್ಲೇ ಪಳಗಿದ ವಕೀಲರನ್ನು ಹಿಡಿಯಿರಿ.

242ನೇ ಸೆಕ್ಷನ್ ಅಡಿ ಪರಿಹಾರ ಸಿಗಬೇಕಾದರೆ ಎರಡು ಮಾತು ಸಾಬೀತಾಗಬೇಕು. ಕಂಪನಿಯನ್ನು ಮುಚ್ಚುವುದೇ ನ್ಯಾಯ ಎನ್ನುವಷ್ಟು ಪರಿಸ್ಥಿತಿ ಕೆಟ್ಟಿದೆ, ಆದರೆ ಹಾಗೆ ಮುಚ್ಚಿದರೆ ಸದಸ್ಯರಿಗೇ ಅನ್ಯಾಯ. ಹೇಳಿಕೆಯಲ್ಲಿ ಈ ಎರಡೂ ಇಲ್ಲದ ಅರ್ಜಿಗಳನ್ನು ನೋಡಿದರೆ ಅಯ್ಯೋ ಎನಿಸುತ್ತದೆ.

ಅರ್ಜಿ 200 ಪುಟ ಇದ್ದರೆ ಬಲ ಎಂದು ಭಾವಿಸಬೇಡಿ. 2009ರಲ್ಲಿ ಯಾರು ಯಾರಿಗೆ ಬೈದರು ಎಂಬುದು ಬೇಡ. ನಾಲ್ಕೈದು ಗಟ್ಟಿ ಘಟನೆ, ಪ್ರತಿಯೊಂದಕ್ಕೂ ತಾರೀಖು, ಕಾಗದ. ನಿಮಗೆ ವಿರುದ್ಧವಾದ ಸಂಗತಿಯನ್ನೂ ನೀವೇ ಹೇಳಿ. ಹಿಂದಿನ ಒಂದು ಹಂಚಿಕೆಗೆ ನೀವೇ ಸಹಿ ಹಾಕಿದ್ದಿರಾ? ಬರೆಯಿರಿ, ಯಾಕೆ ಹಾಕಿದಿರಿ ಎಂದೂ ಬರೆಯಿರಿ. ಮುಚ್ಚಿಟ್ಟದ್ದನ್ನು ಎದುರಿನವರು ಎತ್ತಿ ತೋರಿಸಿದ ದಿನ ಸಿಕ್ಕಿದ್ದ ಮಧ್ಯಂತರ ಆದೇಶವೂ ಹಾರಿಹೋಗುತ್ತದೆ.

ಮಧ್ಯಂತರ ಆದೇಶ: ಏನು ಕೇಳಬೇಕು, ಎಷ್ಟು ಕೇಳಬೇಕು

ಇದರ ಬೇರು 242ನೇ ಸೆಕ್ಷನ್ನಿನ 4ನೇ ಉಪಸೆಕ್ಷನ್. ಅರ್ಜಿ ಬಾಕಿ ಇರುವಾಗ ಕಂಪನಿಯ ವ್ಯವಹಾರ ಹೇಗೆ ನಡೆಯಬೇಕು ಎಂದು ಟ್ರಿಬ್ಯುನಲ್ ತನಗೆ ನ್ಯಾಯವೆನಿಸಿದ ಷರತ್ತಿನ ಮೇಲೆ ಆದೇಶ ಮಾಡಬಹುದು. ಅಧಿಕಾರ ದೊಡ್ಡದು. ಅದನ್ನು ಬಳಸುವ ಮುಂಚೆ ಟ್ರಿಬ್ಯುನಲ್ ನೋಡುವುದು ಎಲ್ಲ ಕೋರ್ಟುಗಳೂ ನೋಡುವ ಮೂರು ಸಂಗತಿಗಳನ್ನು. ಮೇಲ್ನೋಟಕ್ಕೆ ಪ್ರಕರಣ ಇದೆಯೇ. ಆದೇಶ ಕೊಟ್ಟರೆ ಅವರಿಗಾಗುವ ತೊಂದರೆ ಜಾಸ್ತಿಯೋ, ಕೊಡದಿದ್ದರೆ ನಿಮಗಾಗುವುದು ಜಾಸ್ತಿಯೋ. ಆಮೇಲೆ ದುಡ್ಡಿನಿಂದ ತುಂಬಿಕೊಡಲಾಗದ ನಷ್ಟ ಆಗುತ್ತದೆಯೇ.

ಮೂರನೆಯದರಲ್ಲೇ ಜನ ಎಡವುವುದು. ಲಾಭದಲ್ಲಿ ಪಾಲು ಬರಲಿಲ್ಲ ಎಂಬ ನಷ್ಟವನ್ನು ಆಮೇಲೆ ದುಡ್ಡಿನಲ್ಲೇ ಕೊಡಿಸಬಹುದಲ್ವಾ? ಅದಕ್ಕೆ ತುರ್ತು ಇಲ್ಲ. ಆದರೆ ಕಂಪನಿಗಿರುವ ಒಂದೇ ಜಾಗ ಮೂರನೆಯವರ ಕೈಗೆ ಹೋದರೆ ವಾಪಸ್ ತರುವುದು ಕಷ್ಟ. ಹೊಸ ಷೇರುಗಳ ಬಲದಿಂದ ವಿಶೇಷ ನಿರ್ಣಯ ಮಾಡಿ ಕಂಪನಿಯ ಅಂತರ್ನಿಯಮಾವಳಿಯನ್ನೇ (ಆರ್ಟಿಕಲ್ಸ್, ಅಂದರೆ ಒಳ ಆಡಳಿತದ ನಿಯಮಗಳು) ತಿದ್ದಿದರೆ ನಿಮ್ಮ ಹಕ್ಕೇ ಮಾಯ. ವಿಶೇಷ ನಿರ್ಣಯಕ್ಕೆ ಬೇಕಾದದ್ದು ವಿರುದ್ಧ ಬಿದ್ದ ವೋಟಿನ ಮೂರು ಪಟ್ಟು. ಅಂದರೆ ನಿಮ್ಮ ಹಳೆಯ ಶೇ. 25 ಕೂಡ ಅದನ್ನು ತಡೆಯುತ್ತಿರಲಿಲ್ಲ, ಇನ್ನೊಂದೇ ಒಂದು ಷೇರು ಜಾಸ್ತಿ ಇದ್ದಿದ್ದರೆ ತಡೆಯುತ್ತಿತ್ತು. ಪಾಲು ಹಂಚಿಕೊಳ್ಳುವಾಗ ಈ ಒಂದು ಷೇರನ್ನು ಯಾರೂ ಯೋಚಿಸುವುದಿಲ್ಲ.

ಹಾಗಾದರೆ ಏನು ಕೇಳಬೇಕು? ನಮ್ಮ ಉದಾಹರಣೆಯಲ್ಲಿ ನಾನಾದರೆ ಇಷ್ಟು ಕೇಳುತ್ತೇನೆ:

- ಷೇರು ಹಿಡುವಳಿ ಮತ್ತು ಬೋರ್ಡಿನ ರಚನೆ ಇವತ್ತಿನ ಸ್ಥಿತಿಯಲ್ಲೇ ಇರಲಿ. ಹೊಸ ಹಂಚಿಕೆ, ವರ್ಗಾವಣೆ ಬೇಡ.
- ಆ 18,000 ಷೇರುಗಳ ಮೇಲೆ ಸದ್ಯಕ್ಕೆ ವೋಟು ಹಾಕುವಂತಿಲ್ಲ. ಇದು ಸಿಗದಿದ್ದರೆ, ಅವುಗಳ ಬಲದಿಂದ ಆದ ಯಾವ ನಿರ್ಣಯವೂ ಅರ್ಜಿಯ ಅಂತಿಮ ಆದೇಶಕ್ಕೆ ಒಳಪಟ್ಟಿರಲಿ.
- ಜಾಗ, ಕಟ್ಟಡ, ಯಂತ್ರವನ್ನು ಮಾರುವುದಾಗಲಿ ಅಡವಿಡುವುದಾಗಲಿ ಬೇಡ. ದಿನನಿತ್ಯದ ವ್ಯಾಪಾರಕ್ಕೆ ಅಡ್ಡಿಯಿಲ್ಲ.
- ಷೇರು ಹಂಚಿಕೆಯ ಕಡತ, ನಡಾವಳಿ ಪುಸ್ತಕ, ಬ್ಯಾಂಕ್ ವಿವರ ನೋಡಲು ಇಂಥ ದಿನದೊಳಗೆ ಅವಕಾಶ.

ಕಂಪನಿಯ ದುಡ್ಡು ಸಂಬಂಧಿಕರ ಸಂಸ್ಥೆಗೆ ಹರಿಯುತ್ತಿದೆ ಎಂಬುದಕ್ಕೆ ಕಾಗದವಿದ್ದರೆ ಇನ್ನೂ ಒಂದು ಮೆಟ್ಟಿಲು ಹತ್ತಬಹುದು. ಇಂತಿಷ್ಟು ಮೊತ್ತದ ಮೇಲಿನ ಪಾವತಿಗೆ ಜಂಟಿ ಸಹಿ, ಸ್ವತಂತ್ರ ಲೆಕ್ಕ ತಪಾಸಕ, ಬೋರ್ಡ್ ಸಭೆಗೆ ಒಬ್ಬ ವೀಕ್ಷಕ. ಆಡಳಿತಾಧಿಕಾರಿಯನ್ನು ನೇಮಿಸಿ ಎನ್ನುವುದು ಕೊನೆಯ ಅಸ್ತ್ರ. ಅದನ್ನು ಮೊದಲ ದಿನವೇ ಬೀಸಿದರೆ ಟ್ರಿಬ್ಯುನಲ್ ನಿಮ್ಮನ್ನು ಅನುಮಾನದಿಂದ ನೋಡುತ್ತದೆ.

ಇಡೀ ಬರಹದಲ್ಲಿ ನಾನು ಒತ್ತಿ ಹೇಳುವುದು ಇದನ್ನೇ: ಕಡಿಮೆ ಕೇಳಿ, ಅದಕ್ಕೆ ಸರಿಯಾದ ಕಾಗದ ಇಡಿ. ಬ್ಯಾಂಕ್ ಖಾತೆ ನಿಲ್ಲಿಸಿ, ಬೋರ್ಡ್ ವಜಾ ಮಾಡಿ, ಎಲ್ಲರನ್ನೂ ಹೊರಗೆ ಹಾಕಿ ಎಂದು ಹನ್ನೆರಡು ಕೋರಿಕೆ ಪಟ್ಟಿ ಮಾಡಿದರೆ ಒಂದೂ ಸಿಗದೆ, ಬರೀ ನೋಟಿಸ್ ಹೊರಟು ವಾಯಿದೆ ಬೀಳುತ್ತದೆ. ಕೇಳಿದ ಪ್ರತಿ ಕೋರಿಕೆಯ ಪಕ್ಕದಲ್ಲಿ ನೀವೇ ವಿನಾಯಿತಿ ಬರೆದುಕೊಡಿ. ಸಂಬಳ, ತೆರಿಗೆ, ಬ್ಯಾಂಕ್ ಕಂತು, ಮಾಮೂಲಿ ಖರೀದಿಗೆ ಈ ಆದೇಶ ಅಡ್ಡಿಯಾಗದು ಎಂದು. ಕಂಪನಿ ಉಸಿರಾಡಲಿ ಎನ್ನುವವರ ಮಾತಿಗೆ ತೂಕ ಜಾಸ್ತಿ.

ಇನ್ನೊಂದು ಗಮನಿಸಿ. ಮಧ್ಯಂತರವಾಗಿ ಕೇಳುವುದು ಅಂತಿಮ ಕೋರಿಕೆಗೆ ಸೇತುವೆಯಾಗಿರಬೇಕು. ಅಂತಿಮವಾಗಿ ಷೇರು ಹಂಚಿಕೆ ರದ್ದು ಕೇಳದೆ, ಮಧ್ಯಂತರವಾಗಿ ಆ ಷೇರುಗಳ ವೋಟಿಗೆ ತಡೆ ಕೇಳಿದರೆ ಹೊಂದುವುದಿಲ್ಲ. ಹಾಗೆಯೇ ಅಂತಿಮವಾಗಿ ಸಿಗಬೇಕಾದ್ದನ್ನೇ ಮಧ್ಯಂತರವಾಗಿ ಪೂರ್ತಿ ಕೇಳಿದರೂ ಸಿಗುವುದು ಅಪರೂಪ.

ವಿಚಾರಣೆಯ ದಿನ

ಎದುರಿನವರಿಗೆ ಅರ್ಜಿಯ ನಕಲು ಮುಂಚೆಯೇ ಕೊಡಬೇಕಾಗುತ್ತದೆ. ಅವರಿಗೆ ಸುಳಿವು ಸಿಕ್ಕಿದ್ದರೆ ಕೇವಿಯಟ್ (ನಮ್ಮನ್ನು ಕೇಳದೆ ಆದೇಶ ಕೊಡಬೇಡಿ ಎಂಬ ಮುಂಗಡ ಅರ್ಜಿ) ಹಾಕಿಕೊಂಡಿರುತ್ತಾರೆ, ಅದು 90 ದಿನ ಊರ್ಜಿತ. ಅವರನ್ನು ಕೇಳದೆ ಆದೇಶ ಸಿಗುವುದು ನಿಜವಾದ ತುರ್ತಿನಲ್ಲಿ ಮಾತ್ರ. ತುರ್ತು ಎಂದರೆ ತಾರೀಖು ಇರುವ ತುರ್ತು: ಬರುವ ಸೋಮವಾರ ಷೇರುದಾರರ ಅಸಾಮಾನ್ಯ ಸಭೆ (ಇಜಿಎಂ) ಕರೆದಿದ್ದಾರೆ, ಇದೋ ನೋಟಿಸ್. ಜಾಗದ ಮಾರಾಟಕ್ಕೆ ಕರಾರು ಆಗಿದೆ, ಇದೋ ಪತ್ರಿಕಾ ಪ್ರಕಟಣೆ. ಮುಂದೆ ಏನಾದರೂ ಮಾಡಿಬಿಡಬಹುದು ಎಂಬ ಹೆದರಿಕೆ ತುರ್ತು ಎನಿಸಿಕೊಳ್ಳುವುದಿಲ್ಲ.

ನಿಮ್ಮ ವಕೀಲರಿಗೆ ಸಿಗುವುದು ಕೆಲವೇ ನಿಮಿಷ. ಎರಡು ಪುಟದ ತಾರೀಖುಪಟ್ಟಿ, ಮೊದಲಿನ ಮತ್ತು ಈಗಿನ ಷೇರು ಪ್ರಮಾಣದ ಒಂದು ಸಣ್ಣ ಕೋಷ್ಟಕ, ಮೂರು ಮುಖ್ಯ ಕಾಗದ. ಇಷ್ಟು ಮೇಲಿರಲಿ.

ತುಂಬ ಸಲ ಆದೇಶದ ಬದಲು ಎದುರಿನ ವಕೀಲರು ಎದ್ದುನಿಂತು, ಮುಂದಿನ ವಾಯಿದೆವರೆಗೆ ಆಸ್ತಿ ಮಾರುವುದಿಲ್ಲ ಎಂದು ಮಾತು ಕೊಡುತ್ತಾರೆ. ಒಪ್ಪಿಕೊಳ್ಳಿ. ಆದರೆ ಆ ಮಾತು ಆದೇಶಪತ್ರದಲ್ಲಿ ದಾಖಲಾಗುವಂತೆ ನೋಡಿಕೊಳ್ಳಿ, ಅದರ ಅವಧಿಯೂ ಸ್ಪಷ್ಟವಾಗಿರಲಿ. ಮುಂದಿನ ವಾಯಿದೆಯ ದಿನ ಪೀಠ ಕೂರದೆ ಹೋದರೆ ಆ ಮಾತು ಅಲ್ಲಿಗೇ ಮುಗಿಯಿತೇ? "ಮುಂದಿನ ಆದೇಶದವರೆಗೆ" ಎಂದು ಬರೆಸಿಕೊಂಡರೆ ಈ ತಲೆನೋವು ಇಲ್ಲ.

ಆದೇಶ ಬಂದ ಮೇಲೆ, ಬರದಿದ್ದರೆ

ಬಂತು ಅನ್ನಿ. ದೃಢೀಕೃತ ಪ್ರತಿ ಪಡೆದು ಅದೇ ದಿನ ಕಂಪನಿಗೆ, ಎಲ್ಲ ಡೈರೆಕ್ಟರುಗಳಿಗೆ ಮೇಲ್ ಮತ್ತು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಆಸ್ತಿಯ ತಡೆಯಿದ್ದರೆ ಉಪನೋಂದಣಿ ಕಚೇರಿಗೆ, ಅಡವಿನ ವಿಷಯವಿದ್ದರೆ ಬ್ಯಾಂಕಿಗೆ. ಈಗ ಬರೆಯುವ ಪತ್ರಕ್ಕೂ ಮೊದಲೇ ಬೇಡ ಎಂದ ಪತ್ರಕ್ಕೂ ವ್ಯತ್ಯಾಸವಿದೆ, ಈಗ ಕೈಯಲ್ಲಿ ಆದೇಶವಿದೆ. ಅವರು ಮೀರಿದರೆ ಹೈಕೋರ್ಟಿಗಿರುವಂಥದ್ದೇ ನ್ಯಾಯಾಂಗ ನಿಂದನೆಯ ಅಧಿಕಾರ 425ನೇ ಸೆಕ್ಷನ್ ಅಡಿ ಟ್ರಿಬ್ಯುನಲ್‌ಗೂ ಇದೆ. ಮೀರಿದ್ದನ್ನು ತಾರೀಖು ಸಮೇತ ದಾಖಲಿಸಿ, ತಕ್ಷಣ ಅರ್ಜಿ ಹಾಕಿ.

ಬರಲಿಲ್ಲ ಅಥವಾ ಅರೆಬರೆ ಬಂತು. 421ನೇ ಸೆಕ್ಷನ್ ಅಡಿ 45 ದಿನದಲ್ಲಿ ಮೇಲ್ಮನವಿ ಟ್ರಿಬ್ಯುನಲ್‌ಗೆ ಹೋಗಬಹುದು. ಸರಿಯಾದ ಕಾರಣವಿದ್ದರೆ ಇನ್ನೂ 45 ದಿನ, ಅದಕ್ಕಿಂತ ಮುಂದೆ ಇಲ್ಲ. ಬೆಂಗಳೂರು ಪೀಠದ ಮೇಲ್ಮನವಿ ಹೋಗುವುದು ಚೆನ್ನೈ ಪೀಠಕ್ಕೆ. ಆದರೆ ಮಧ್ಯಂತರ ಆದೇಶ ಕೆಳಗಿನವರ ವಿವೇಚನೆಗೆ ಬಿಟ್ಟದ್ದು. ತಾನಾಗಿದ್ದರೆ ಬೇರೆ ರೀತಿ ಮಾಡುತ್ತಿದ್ದೆ ಎಂಬ ಕಾರಣಕ್ಕೆ ಮೇಲಿನ ನ್ಯಾಯಾಲಯ ಅದನ್ನು ಬದಲಿಸಬಾರದು ಎಂದು 1990ರ ವಾಂಡರ್ ವರ್ಸಸ್ ಆಂಟಾಕ್ಸ್ ಪ್ರಕರಣದಿಂದ ಎಲ್ಲರೂ ಹೇಳಿಕೊಂಡು ಬಂದಿದ್ದಾರೆ. ಹಾಗಾಗಿ ಎಷ್ಟೋ ಸಲ ಮೇಲ್ಮನವಿಗಿಂತ, ಹೊಸ ಘಟನೆ ನಡೆದಾಗ ಅದನ್ನು ಹಿಡಿದು ಅದೇ ಪೀಠಕ್ಕೆ ಹೊಸ ಅರ್ಜಿ ಹಾಕುವುದು ಬೇಗ ಫಲ ಕೊಡುತ್ತದೆ.

ಕೊನೆಗೆ ಬಹುಪಾಲು ಮುಗಿಯುವುದು ಹೀಗೆ

ಇಂಥ ಜಗಳಗಳ ಸಹಜ ಕೊನೆ ಒಂದು ಪಾಲನ್ನು ಇನ್ನೊಬ್ಬರು ಕೊಳ್ಳುವುದು. 242ನೇ ಸೆಕ್ಷನ್ನೇ ಇದನ್ನು ಒಂದು ಪರಿಹಾರ ಎನ್ನುತ್ತದೆ. ಯಥಾಸ್ಥಿತಿ ಆದೇಶ ಬಿದ್ದ ಮೇಲೆ ಎದುರಿನವರಿಗೆ ಹೊಸ ಸಾಲ, ಹೊಸ ಹೂಡಿಕೆ ಎಲ್ಲಕ್ಕೂ ಅಡಚಣೆ. ಆಗ ರಾಜಿಯ ಮಾತು ಬರುತ್ತದೆ. ಬಂದಾಗ ಬೆಲೆಗಿಂತ ಮುಂಚೆ ಎರಡು ವಿಷಯ ಹಿಡಿಯಿರಿ. ಮೌಲ್ಯ ಯಾವ ತಾರೀಖಿನದು? ಅರ್ಜಿ ಹಾಕಿದ ದಿನದ್ದಾದರೆ ಆಮೇಲಿನ ಏರಿಕೆ ನಿಮಗಿಲ್ಲ, ಆಮೇಲಿನ ಇಳಿತವೂ ಇಲ್ಲ. ಸಣ್ಣ ಪಾಲು ಎಂಬ ಕಾರಣಕ್ಕೆ ಬೆಲೆಯಲ್ಲಿ ಕಡಿತ ಮಾಡುತ್ತಾರೆಯೇ? ಹೊರಗೆ ತಳ್ಳಿದವರೇ ಆ ಕಡಿತದ ಲಾಭ ಪಡೆಯುವುದು ನ್ಯಾಯವಲ್ಲ ಎಂದು ಗಟ್ಟಿಯಾಗಿ ವಾದಿಸಿ. ಕಂಪನಿ ಸಾಲಕ್ಕೆ ನೀವು ಬ್ಯಾಂಕಿನಲ್ಲಿ ಹಾಕಿದ ವೈಯಕ್ತಿಕ ಜಾಮೀನು ಬಿಡಿಸಿಕೊಳ್ಳುವುದನ್ನೂ ಷರತ್ತಿನಲ್ಲೇ ಸೇರಿಸಿ. ಷೇರು ಕೊಟ್ಟು ಹೊರಬಂದ ಮೂರು ವರ್ಷಕ್ಕೆ ಬ್ಯಾಂಕಿನ ನೋಟಿಸ್ ಮನೆಗೆ ಬರುವುದು ಬೇಡ.

ರಾಜಿಪತ್ರವನ್ನು ಟ್ರಿಬ್ಯುನಲ್ ಮುಂದೆ ಇಟ್ಟು ಅದರಂತೆ ಆದೇಶ ಮಾಡಿಸಿಕೊಳ್ಳಿ. ಒಮ್ಮೆ ಹಾಕಿದ ಅರ್ಜಿಯನ್ನು ಟ್ರಿಬ್ಯುನಲ್ ಅನುಮತಿಯಿಲ್ಲದೆ ವಾಪಸ್ ಪಡೆಯಲಾಗದು. ಅದು ನಿಮಗೇ ಒಳ್ಳೆಯದು. ಕಂತಿನಲ್ಲಿ ಹಣ ಕೊಡುತ್ತೇವೆ ಎಂದರೆ ಕೊನೆಯ ಕಂತು ಬರುವವರೆಗೆ ಮಧ್ಯಂತರ ಆದೇಶ ಮುಂದುವರಿಯಲಿ ಎಂದು ಕೇಳಿ. ಷೇರು ಕಾಗದದ ರೂಪದಲ್ಲಿದ್ದರೆ ವರ್ಗಾವಣೆಯ ಎಸ್‌ಎಚ್-4 ನಮೂನೆಗೆ ಸಹಿ ಹಾಕಿ ಇಬ್ಬರಿಗೂ ಬೇಕಾದ ಮೂರನೆಯವರ ಕೈಯಲ್ಲಿಡಿ. ಹಣ ಖಾತೆಗೆ ಬಿದ್ದ ದಿನ ಅವರು ಅದನ್ನು ಕೊಡಲಿ.